ಸರಾಸರಿಯಲ್ಲಿ ಕಾಣದ ಸಂಸಾರ
ಬಡ ಕುಟುಂಬಗಳ ಹಣಕಾಸನ್ನು ಅಳೆದ ಒಂದು ಪುಸ್ತಕದ ವಿಮರ್ಶೆ

ಉಷ್ಣತೆ, ಒತ್ತಡ, ವಿದ್ಯುತ್ ಪ್ರವಾಹ ಇವುಗಳನ್ನು ಅಳೆಯುವ ಉಪಕರಣಗಳ ಬಗ್ಗೆ ನಾವು ತರಗತಿಯಲ್ಲಿ ಬಹಳಷ್ಟು ಹೇಳುತ್ತೇವೆ. ಉಪಕರಣದ ಅಲ್ಪತಮ ಅಳತೆ ಎಷ್ಟು, ದೋಷ ಎಲ್ಲಿಂದ ಬರುತ್ತದೆ, ಎಷ್ಟು ಬಾರಿ ಅಳೆದು ಸರಾಸರಿ ತೆಗೆಯಬೇಕು ಎಂದು ವಿದ್ಯಾರ್ಥಿಗಳಿಂದ ಬರೆಸುತ್ತೇವೆ. ಆದರೆ ಒಂದು ಕುಟುಂಬದ ಹಣಕಾಸಿನ ಭದ್ರತೆಯನ್ನು ಅಳೆಯುವ ಪ್ರಶ್ನೆ ಬಂದಾಗ, ತಿಂಗಳ ಆದಾಯ ಎಷ್ಟು ಎಂದು ಒಮ್ಮೆ ಕೇಳಿ, ಬಂದ ಉತ್ತರವನ್ನು ಅರ್ಜಿಯ ಕಲಮಿನಲ್ಲಿ ತುಂಬಿ ಮುಗಿಸುತ್ತೇವೆ. ಪಡಿತರ ಚೀಟಿ, ವಿದ್ಯಾರ್ಥಿವೇತನ, ಸಾಲ ಎಲ್ಲವೂ ಆ ಒಂದು ಅಂಕಿಯ ಮೇಲೆ ನಿಂತಿವೆ. ಆ ಅಂಕಿ ಏನನ್ನು ಅಳೆಯುತ್ತದೆ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಪುಸ್ತಕ ‘ಪೋರ್ಟ್‌ಫೋಲಿಯೋಸ್ ಆಫ್ ದ ಪೂರ್’. ಡ್ಯಾರಿಲ್ ಕಾಲಿನ್ಸ್, ಜೊನಾಥನ್ ಮೊರ್ಡಕ್, ಸ್ಟುವರ್ಟ್ ರುದರ್‌ಫರ್ಡ್ ಮತ್ತು ಒರ್ಲಾಂಡಾ ರುತ್ವೆನ್ ಸೇರಿ ಬರೆದ ಇದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮುದ್ರಣಾಲಯ 2009ರಲ್ಲಿ ಪ್ರಕಟಿಸಿತು. ಇದು ಅರ್ಥಶಾಸ್ತ್ರದ ಗ್ರಂಥ. ಆದರೂ ಇದರ ನಿಜವಾದ ಸಾಧನೆ ಅಳತೆಯ ವಿಧಾನಕ್ಕೆ ಸಂಬಂಧಿಸಿದ್ದು. ದೌರ್ಬಲ್ಯವೂ ಅಲ್ಲಿಂದಲೇ ಆರಂಭವಾಗುತ್ತದೆ. ಹಾಗಾಗಿ ವಿಜ್ಞಾನದ ಓದುಗರು ಇದನ್ನು ಪರಿಶೀಲಿಸುವುದು ಉಚಿತ.

ವಿಧಾನ: ಹದಿನೈದು ದಿನಕ್ಕೊಮ್ಮೆ ಒಂದು ಭೇಟಿ

ಲೇಖಕರು ಅನುಸರಿಸಿದ ವಿಧಾನಕ್ಕೆ ‘ಹಣಕಾಸಿನ ದಿನಚರಿ’ ಎಂದು ಹೆಸರು. ಬಾಂಗ್ಲಾದೇಶದಲ್ಲಿ 42, ಭಾರತದಲ್ಲಿ 48, ದಕ್ಷಿಣ ಆಫ್ರಿಕದಲ್ಲಿ 152 ಕುಟುಂಬಗಳನ್ನು ಆಯ್ದುಕೊಳ್ಳಲಾಯಿತು. ಭಾರತದ ಕುಟುಂಬಗಳು ದೆಹಲಿಯ ಕೊಳೆಗೇರಿಗಳು ಮತ್ತು ಉತ್ತರ ಪ್ರದೇಶದ ಹಳ್ಳಿಗಳವು. ಸುಮಾರು ಒಂದು ವರ್ಷ ಕಾಲ, ತಿಂಗಳಿಗೆ ಎರಡು ಬಾರಿಯಂತೆ, ಸಂಶೋಧಕರು ಅದೇ ಮನೆಗಳಿಗೆ ಮತ್ತೆ ಮತ್ತೆ ಹೋದರು. ಕಳೆದ ಭೇಟಿಯಿಂದ ಈಚೆಗೆ ಎಷ್ಟು ಹಣ ಬಂತು, ಎಷ್ಟು ಹೋಯಿತು, ಯಾರಿಂದ ಕೈಸಾಲ ತಂದರು, ಯಾರಿಗೆ ಕೊಟ್ಟರು, ಅಂಗಡಿಯಲ್ಲಿ ಎಷ್ಟು ಉದ್ದರಿ ನಿಂತಿದೆ ಎಂದು ಬರೆದುಕೊಂಡರು.

ಈ ವಿಧಾನದಲ್ಲಿ ದೋಷವನ್ನು ಪತ್ತೆಹಚ್ಚುವ ಒಂದು ವ್ಯವಸ್ಥೆ ಅಡಗಿದೆ. ಭೌತಶಾಸ್ತ್ರದ ಸಂರಕ್ಷಣಾ ನಿಯಮದಂತೆ ಇಲ್ಲಿಯೂ ಒಳಬಂದ ಹಣ, ಹೊರಹೋದ ಹಣ ಮತ್ತು ಕೈಯಲ್ಲಿ ಉಳಿದ ಹಣ ಪರಸ್ಪರ ತಾಳೆಯಾಗಬೇಕು. ತಾಳೆಯಾಗದಿದ್ದರೆ ಏನೋ ಬಿಟ್ಟುಹೋಗಿದೆ ಎಂದರ್ಥ. ಮೊದಮೊದಲ ಭೇಟಿಗಳಲ್ಲಿ ಈ ಅಂತರ ದೊಡ್ಡದಾಗಿತ್ತು. ಪರಿಚಯ ಬೆಳೆದು, ಪ್ರಶ್ನೆಗಳು ತಿದ್ದಿಕೊಂಡಂತೆ ಅದು ಕಿರಿದಾಗುತ್ತ ಬಂತು ಎಂದು ಲೇಖಕರು ವರದಿ ಮಾಡುತ್ತಾರೆ. ಒಂದೇ ಭೇಟಿಯ ಸಮೀಕ್ಷೆಯಲ್ಲಿ ಇಂಥ ತಿದ್ದುಪಡಿಗೆ ಅವಕಾಶವೇ ಇಲ್ಲ.

ಕಂಡುಕೊಂಡದ್ದೇನು?

ಪುಸ್ತಕದ ಮೊದಲಲ್ಲೇ ಢಾಕಾದ ಕೊಳೆಗೇರಿಯ ಒಂದು ಕುಟುಂಬದ ಲೆಕ್ಕ ಬರುತ್ತದೆ. ಗಂಡ ಬದಲಿ ರಿಕ್ಷಾ ಚಾಲಕ. ಒಬ್ಬರು ರಜೆ ಹಾಕಿದರೆ ಮಾತ್ರ ಅವನಿಗೆ ಕೆಲಸ. ತಿಂಗಳ ಸರಾಸರಿ ಆದಾಯ 70 ಡಾಲರ್. ಇಂಥವರಿಗೆ ಹಣಕಾಸಿನ ವ್ಯವಹಾರವೆಂಬುದೇ ಇರಲಾರದು ಎಂದು ನಾವು ಭಾವಿಸುತ್ತೇವೆ. ವರ್ಷದ ಕೊನೆಗೆ ಆ ಕುಟುಂಬದ ಹಣಕಾಸಿನ ಸ್ವತ್ತು 174.80 ಡಾಲರ್, ಹೊಣೆ 223.34 ಡಾಲರ್. ಅಂದರೆ ನಿವ್ವಳವಾಗಿ 48.54 ಡಾಲರ್ ಕೊರತೆ. ಸ್ವತ್ತಿನಲ್ಲಿ ಜೀವವಿಮೆಯ 76 ಡಾಲರ್ ಇದೆ, ಬೇರೆಯವರಿಗೆ ಕೊಟ್ಟ ಕೈಸಾಲ 40 ಡಾಲರ್ ಇದೆ, ಊರಿಗೆ ಕಳುಹಿಸಿದ 30 ಡಾಲರ್ ಇದೆ. ಹೊಣೆಯಲ್ಲಿ ಕಿರುಸಾಲ ಸಂಸ್ಥೆಯ ಸಾಲ, ಅಂಗಡಿಯ ಉದ್ದರಿ, ಬಾಡಿಗೆಯ ಬಾಕಿ, ಮುಂಗಡ ಪಡೆದ ಕೂಲಿ ಇವೆ. ಜೊತೆಗೆ ನೆರೆಯವರು ಜೋಪಾನವಾಗಿಡಲು ಕೊಟ್ಟಿದ್ದ 20 ಡಾಲರ್ ಕೂಡ ಇದೆ!

ಇವು ವರ್ಷಾಂತ್ಯದ ಶಿಲ್ಕುಗಳು. ಹರಿವನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಆ ವರ್ಷ ಅವರು ಉಳಿತಾಯ, ವಿಮೆ, ಸಾಲ ತೀರುವಳಿ ಎಂದು 451 ಡಾಲರ್ ಒಳಕ್ಕೆ ತಳ್ಳಿದರು. ಸಾಲ ತೆಗೆದು, ಉಳಿತಾಯ ಬಿಡಿಸಿ 514 ಡಾಲರ್ ಹೊರಕ್ಕೆ ಎಳೆದರು. ಒಟ್ಟು ವಹಿವಾಟು 965 ಡಾಲರ್. ವರ್ಷದ ಆದಾಯ ಸುಮಾರು 840 ಡಾಲರ್. ಗಳಿಸಿದ ಪ್ರತಿ ಡಾಲರಿಗೆ 1.15 ಡಾಲರಿನಷ್ಟು ಹಣಕಾಸಿನ ವಹಿವಾಟು ನಡೆದಿದೆ. ನಿಂತ ನೀರಿನ ಮಟ್ಟವನ್ನಷ್ಟೇ ಅಳೆಯುವವರಿಗೆ ಕಾಲುವೆಯಲ್ಲಿ ಹರಿದುಹೋದ ನೀರು ಕಾಣುವುದಿಲ್ಲ.

ಈ ಕುಟುಂಬ ಅಪವಾದವಲ್ಲ. ಅಧ್ಯಯನದ ಯಾವೊಂದು ಕುಟುಂಬವೂ ನಾಲ್ಕಕ್ಕಿಂತ ಕಡಿಮೆ ಬಗೆಯ ಹಣಕಾಸಿನ ಸಾಧನಗಳನ್ನು ಬಳಸಿರಲಿಲ್ಲ. ಸರಾಸರಿ ಬಾಂಗ್ಲಾದೇಶದಲ್ಲಿ ಸುಮಾರು ಹತ್ತು, ಭಾರತದಲ್ಲಿ ಎಂಟಕ್ಕಿಂತ ತುಸು ಹೆಚ್ಚು, ದಕ್ಷಿಣ ಆಫ್ರಿಕದಲ್ಲಿ ಹತ್ತು. ನಮ್ಮ ಕಡೆಯ ಚೀಟಿ, ಕೈಸಾಲ, ಗಿರವಿ, ಮುಯ್ಯಿ, ಸಂಘದ ಸಾಲ, ಅಂಗಡಿಯ ಉದ್ದರಿ ಪುಸ್ತಕ ಇವನ್ನೆಲ್ಲ ಲೆಕ್ಕ ಹಾಕಿದರೆ ಈ ಸಂಖ್ಯೆ ನಮಗೆ ಆಶ್ಚರ್ಯ ತರಬೇಕಾಗಿಲ್ಲ.

ಲೇಖಕರ ಮುಖ್ಯ ವಾದ ಹೀಗಿದೆ. ಬಡವರ ಕಷ್ಟ ಮೂರು ಪದರಗಳದ್ದು. ಆದಾಯ ಕಡಿಮೆ, ಅದು ಯಾವಾಗ, ಎಷ್ಟು ಬರುತ್ತದೆಂದು ಹೇಳಲಾಗದು, ಈ ಏರಿಳಿತವನ್ನು ಸರಿದೂಗಿಸಲು ಬೇಕಾದ ಸಾಧನಗಳು ವಿಶ್ವಾಸಾರ್ಹವಲ್ಲ. ‘ದಿನಕ್ಕೆ ಎರಡು ಡಾಲರ್’ ಎಂಬುದು ಸರಾಸರಿ ಮಾತ್ರ. ಯಾರಿಗೂ ಅದು ದಿನವೂ ಎರಡು ಡಾಲರಾಗಿ ಬರುವುದಿಲ್ಲ.

ನೆನಪಿನ ಅವಧಿ ಎಂಬ ಉಪಕರಣ ದೋಷ

ಈ ವಿಧಾನದ ಬೆಲೆ ತಿಳಿಯಬೇಕಾದರೆ ನಮ್ಮದೇ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಇತಿಹಾಸವನ್ನು ನೋಡಬೇಕು. 1990ರ ದಶಕದ ಕೆಲವು ಸುತ್ತುಗಳಲ್ಲಿ ಕುಟುಂಬಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಕಳೆದ 30 ದಿನಗಳ ಆಹಾರ ವೆಚ್ಚದ ಬಗ್ಗೆಯೂ ಇನ್ನೊಂದನ್ನು ಕಳೆದ 7 ದಿನಗಳ ಬಗ್ಗೆಯೂ ಕೇಳಲಾಯಿತು. 7 ದಿನಗಳ ಪ್ರಶ್ನೆಗೆ ಬಂದ ವೆಚ್ಚ ಹೆಚ್ಚಾಗಿತ್ತು. ಆ ಪ್ರಶ್ನಾವಳಿಯನ್ನೇ ಒಪ್ಪಿಕೊಂಡಿದ್ದರೆ ದೇಶದ ಬಡವರ ಸಂಖ್ಯೆ ಸುಮಾರು ಅರ್ಧದಷ್ಟು ಇಳಿಯುತ್ತಿತ್ತು. ಒಬ್ಬನ ತಟ್ಟೆಗೂ ಒಂದು ಹಿಡಿ ಅನ್ನ ಹೆಚ್ಚಿಗೆ ಬೀಳದೆ, ಪ್ರಶ್ನೆ ಕೇಳುವ ರೀತಿ ಬದಲಾದುದರಿಂದಲೇ ಕೋಟ್ಯಂತರ ಜನ ಬಡತನದ ರೇಖೆಯನ್ನು ದಾಟಿಬಿಡುತ್ತಿದ್ದರು! 1999-2000ರ ಸುತ್ತಿನಲ್ಲಿ ಎರಡೂ ಪ್ರಶ್ನೆಗಳನ್ನು ಒಂದೇ ಮನೆಯಲ್ಲಿ ಕೇಳಿದ್ದರಿಂದ ಆ ವರ್ಷದ ಬಡತನದ ಅಂದಾಜು ವಿವಾದಕ್ಕೆ ಸಿಲುಕಿತು.

ಸಮೀಕ್ಷೆಗಳು ಅಲ್ಲಿಗೇ ನಿಂತಿಲ್ಲ. 2022-23ರ ಗೃಹ ಬಳಕೆ ವೆಚ್ಚದ ಸಮೀಕ್ಷೆಯಲ್ಲಿ ಒಂದೇ ಮನೆಗೆ ಮೂರು ಬಾರಿ ಭೇಟಿ ನೀಡುವ ಕ್ರಮ ಬಂತು. 2019ರಲ್ಲಿ ನಡೆದ ಸಾಲ ಮತ್ತು ಹೂಡಿಕೆ ಸಮೀಕ್ಷೆಯಲ್ಲಿ ಎರಡು ಭೇಟಿಗಳಿದ್ದವು. ಆದರೂ ಆ ಸಮೀಕ್ಷೆಯ ಹೆಸರಾಂತ ಫಲಿತಾಂಶ ಒಂದು ದಿನದ ಛಾಯಾಚಿತ್ರ. 2018ರ ಜೂನ್ 30ರಂದು ಗ್ರಾಮೀಣ ಕುಟುಂಬಗಳಲ್ಲಿ ಶೇ. 35, ನಗರದವುಗಳಲ್ಲಿ ಶೇ. 22.4 ಸಾಲದಲ್ಲಿದ್ದವು ಎಂದು ಅದು ಹೇಳುತ್ತದೆ. ಮೇ ತಿಂಗಳಲ್ಲಿ ತೆಗೆದು ಜೂನ್ ಮಧ್ಯದಲ್ಲಿ ತೀರಿಸಿದ ಸಾಲ ಆ ಚಿತ್ರದಲ್ಲಿ ಇಲ್ಲ. ದಿನಚರಿ ವಿಧಾನ ತುಂಬುವುದು ಈ ಖಾಲಿ ಜಾಗವನ್ನು.

ಪುಸ್ತಕ ಎಲ್ಲಿ ಎಡವುತ್ತದೆ?

ಇಷ್ಟನ್ನು ಮೆಚ್ಚಿದ ಮೇಲೆ ಆಕ್ಷೇಪಗಳಿಗೆ ಬರಬಹುದು.

ಮೊದಲನೆಯದು ಮಾದರಿಯ ಪ್ರಶ್ನೆ. ಮೂರು ದೇಶಗಳಿಂದ ಒಟ್ಟು 242 ಕುಟುಂಬಗಳು, ಆಯ್ದ ಕೆಲವೇ ಬಡಾವಣೆ, ಹಳ್ಳಿಗಳವು. ಭಾರತದಂಥ ದೇಶಕ್ಕೆ 48 ಕುಟುಂಬಗಳು ಪ್ರತಿನಿಧಿಯಾಗಲಾರವು. ಲೇಖಕರು ಇದನ್ನು ಒಪ್ಪುತ್ತಾರೆ. ಆದರೆ ಪುಸ್ತಕದ ಹೆಸರು, ಅಧ್ಯಾಯಗಳ ಧ್ವನಿ ಎರಡೂ ‘ಜಗತ್ತಿನ ಬಡವರ’ ಪರವಾಗಿ ಮಾತನಾಡುತ್ತವೆ. ಇಂಥ ಮಾದರಿಯಿಂದ ‘ಹೀಗೂ ಇದೆ’ ಎಂದು ಹೇಳಬಹುದು. ‘ಇಷ್ಟು ಶೇಕಡ ಹೀಗಿದೆ’ ಎಂದು ಹೇಳಲಾಗದು. ಅಡಿಕೆ ತೋಟದ ಕೂಲಿಗೂ ಒಣಭೂಮಿಯ ಕೂಲಿಗೂ ಹಣ ಬರುವ ತಿಂಗಳುಗಳೇ ಬೇರೆ.

ಎರಡನೆಯದು, ಅಳೆಯುವ ಕ್ರಿಯೆಯೇ ಅಳೆಯಲ್ಪಡುವುದನ್ನು ಬದಲಿಸುವ ಸಾಧ್ಯತೆ. ಹದಿನೈದು ದಿನಕ್ಕೊಮ್ಮೆ ಒಬ್ಬರು ಬಂದು ಲೆಕ್ಕ ಕೇಳುತ್ತಾರೆಂದರೆ ಮನೆಯವರು ಲೆಕ್ಕದ ಬಗ್ಗೆ ಹೆಚ್ಚು ಎಚ್ಚರ ವಹಿಸುವುದು ಸಹಜ. ಲೆಕ್ಕದ ಅಂತರ ಕಿರಿದಾದದ್ದರಲ್ಲಿ ವಿಧಾನದ ಪಾಲೆಷ್ಟು, ಮನೆಯವರ ನಡವಳಿಕೆ ಬದಲಾದದ್ದರ ಪಾಲೆಷ್ಟು? ಭೇಟಿ ನೀಡದ ಹೋಲಿಕೆ ಗುಂಪು ಇಲ್ಲದೆ ಇದನ್ನು ಬೇರ್ಪಡಿಸಲು ಬಾರದು.

ಮೂರನೆಯದು ಬಡ್ಡಿಯ ಬಗೆಗಿನ ಅಧ್ಯಾಯ. ಇದು ಪುಸ್ತಕದ ಅತ್ಯಂತ ಚುರುಕಾದ ಭಾಗ. ಅತ್ಯಂತ ಅಪಾಯಕಾರಿಯೂ ಹೌದು. ವಿಜಯವಾಡದ ಕೊಳೆಗೇರಿಯಲ್ಲಿ ಮನೆಮನೆಗೆ ಬಂದು ಉಳಿತಾಯದ ಹಣ ಸಂಗ್ರಹಿಸುವ ಮಹಿಳೆಯೊಬ್ಬರ ಉದಾಹರಣೆ ಅಲ್ಲಿದೆ. 220 ಮನೆಗಳಿರುವ ಒಂದು ಕಾರ್ಡು. ಒಂದೊಂದು ಮನೆಗೆ 5 ರೂಪಾಯಿ. ಕಾರ್ಡು ತುಂಬಿದಾಗ 1,100 ರೂಪಾಯಿ ಆಗುತ್ತದೆ. ಆಕೆ 100 ರೂಪಾಯಿ ಇಟ್ಟುಕೊಂಡು 1,000 ಮರಳಿಸುತ್ತಾರೆ. ಅಂದರೆ ಉಳಿಸಿದವರೇ ಬಡ್ಡಿ ಕೊಟ್ಟಂತಾಯಿತು! ದಿನಕ್ಕೊಂದು ಕಂತು ಎಂದಿಟ್ಟುಕೊಂಡರೆ ಆಕೆಯ ಬಳಿ ಇರುವ ಸರಾಸರಿ ಮೊತ್ತ ಸುಮಾರು 550 ರೂಪಾಯಿ. 220 ದಿನಗಳಿಗೆ 100 ರೂಪಾಯಿ ಎಂದರೆ ಶೇ. 18, ವರ್ಷಕ್ಕೆ ಪರಿವರ್ತಿಸಿದರೆ ಸುಮಾರು ಶೇ. 30. ಲೇಖಕರ ಮಾತು: ಇದನ್ನು ಬಡ್ಡಿ ಎನ್ನಬೇಡಿ, ಸೇವೆಗೆ ತೆತ್ತ ಶುಲ್ಕ ಎನ್ನಿ. ಮನೆ ಬಾಗಿಲಿಗೆ ಬಂದು, ಖರ್ಚಾಗಿ ಹೋಗುವ ಹಣವನ್ನು ಗಂಟು ಕಟ್ಟಿಕೊಡುವ ಕೆಲಸಕ್ಕೆ 100 ರೂಪಾಯಿ ಕೊಡಲು ಜನ ಸಿದ್ಧರಿದ್ದಾರೆ. ಅಲ್ಪಾವಧಿಯ ಸಾಲಕ್ಕೂ ಹೀಗೆಯೇ. ವಾರದ ಮಟ್ಟಿನ ಸಾಲಕ್ಕೆ ವಾರ್ಷಿಕ ದರ ಕಟ್ಟುವುದು ಅರ್ಥಹೀನ ಎನ್ನುತ್ತಾರೆ.

ಸಾಲ ವಾರದಲ್ಲಿ ತೀರಿದರೆ ಈ ಮಾತು ಸರಿ. ತೀರದಿದ್ದರೆ? 1,000 ರೂಪಾಯಿ ಸಾಲಕ್ಕೆ ವಾರಕ್ಕೆ 100 ರೂಪಾಯಿಯಂತೆ ಕೊಡುವವರನ್ನು ಊಹಿಸಿ. ಒಂದು ವಾರಕ್ಕಾದರೆ ಅದು 100 ರೂಪಾಯಿಯ ಶುಲ್ಕ. ಅಸಲು ತೀರಿಸಲಾಗದೆ 13 ವಾರ ಮುಂದೂಡಿದರೆ ಕೊಟ್ಟ ಬಡ್ಡಿ 1,300. ಅಸಲು ಹಾಗೆಯೇ ಇದೆ. ನಮ್ಮಲ್ಲಿ ‘ಮೀಟರ್ ಬಡ್ಡಿ’ ಎಂಬ ಮಾತು ಹುಟ್ಟಿದ್ದು ಇಂಥ ಅನುಭವದಿಂದ. ಅನೌಪಚಾರಿಕ ಸಾಲಗಳಲ್ಲಿ ಚೌಕಾಸಿಗೆ, ಬಡ್ಡಿ ಮನ್ನಾಕ್ಕೆ ಅವಕಾಶವಿದೆ ಎಂದು ಲೇಖಕರು ದಾಖಲೆ ಸಹಿತ ತೋರಿಸುತ್ತಾರೆ. ಆ ಚೌಕಾಸಿಯಲ್ಲಿ ಯಾರ ಕೈ ಮೇಲು, ಅವಮಾನ, ಬೆದರಿಕೆಗಳ ಬೆಲೆ ಎಷ್ಟು ಎಂಬ ಕಲಮು ಮಾತ್ರ ಅವರ ದಿನಚರಿಯಲ್ಲಿ ತೆಳುವಾಗಿದೆ.

ನಾಲ್ಕನೆಯದು, ವರ್ಣನೆಯಿಂದ ಪರಿಹಾರಕ್ಕೆ ಹಾರಿದ ಜಿಗಿತ. ಕೊನೆಯ ಅಧ್ಯಾಯಗಳಲ್ಲಿ ಉತ್ತಮ ಹಣಕಾಸಿನ ಸಾಧನಗಳು ಬೇಕು, ಅವುಗಳಲ್ಲಿ ವಿಶ್ವಾಸಾರ್ಹತೆ ಮತ್ತು ಸಡಿಲಿಕೆ ಇರಬೇಕು ಎಂಬ ಸಲಹೆ ಬರುತ್ತದೆ. 2001ರ ನಂತರ ಗ್ರಾಮೀಣ ಬ್ಯಾಂಕ್ ಮಾಡಿಕೊಂಡ ಬದಲಾವಣೆಗಳನ್ನು ಮಾದರಿಯಾಗಿ ತೋರಿಸಲಾಗಿದೆ. ಆದರೆ ಮೂರು ಪದರಗಳ ಕಷ್ಟದಲ್ಲಿ ಮೂರನೆಯ ಪದರಕ್ಕೆ ಮಾತ್ರ ಇಲ್ಲಿ ಔಷಧಿ ಇದೆ. ಕಾಯಿಲೆ ಬಂದಾಗ ಸಾಲ ಸುಲಭವಾಗಿ ಸಿಗುವುದು ಒಳ್ಳೆಯದೇ. ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಕ್ಕಿದರೆ ಆ ಸಾಲವೇ ಬೇಡ. ದಕ್ಷಿಣ ಆಫ್ರಿಕದ ಕುಟುಂಬಗಳಿಗೆ ಸರ್ಕಾರದ ಮಾಸಿಕ ನೆರವು ನಿಯತವಾಗಿ ಬರುತ್ತಿದ್ದುದರಿಂದ ಅವರ ಆದಾಯ ಹೆಚ್ಚು ಸ್ಥಿರವಾಗಿತ್ತು ಎಂದು ಪುಸ್ತಕವೇ ಹೇಳುತ್ತದೆ. ಆ ಸುಳಿವನ್ನು ಹಿಡಿದು ಮುಂದೆ ಹೋಗುವುದಿಲ್ಲ.

ಪ್ರಯೋಗಗಳು ಹೇಳಿದ್ದು

ಪುಸ್ತಕ ಬಂದ ಮರುವರ್ಷವೇ, 2010ರಲ್ಲಿ, ಆಂಧ್ರಪ್ರದೇಶದಲ್ಲಿ ಕಿರುಸಾಲದ ಬಿಕ್ಕಟ್ಟು ಸ್ಫೋಟಿಸಿತು. ಅಕ್ಟೋಬರಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಮಾಳೆಗಾಂ ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಸಾಲ ಬಡವರನ್ನು ಮೇಲೆತ್ತುತ್ತದೆ ಎಂಬ ಹೊಗಳಿಕೆಗೂ ಸಾಲ ಬಡವರನ್ನು ಕೊಲ್ಲುತ್ತದೆ ಎಂಬ ತೆಗಳಿಕೆಗೂ ಆಗ ಸಾಕಷ್ಟು ಉದಾಹರಣೆಗಳು ಸಿಕ್ಕವು. ಉದಾಹರಣೆ ಪುರಾವೆಯಲ್ಲ.

ಪುರಾವೆಗಾಗಿ ನಡೆದ ಕೆಲಸಗಳಲ್ಲಿ ಹೈದರಾಬಾದಿನದು ಪ್ರಸಿದ್ಧ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 104 ಬಡಾವಣೆಗಳನ್ನು ತೆಗೆದುಕೊಂಡು, ಯಾದೃಚ್ಛಿಕವಾಗಿ ಆರಿಸಿದ 52ರಲ್ಲಿ ಒಂದು ಸಂಸ್ಥೆಯ ಕಿರುಸಾಲ ಮೊದಲು ಬರುವಂತೆ ಏರ್ಪಡಿಸಿದರು. ಉಳಿದ 52 ಹೋಲಿಕೆಗೆ. 2015ರಲ್ಲಿ ಪ್ರಕಟವಾದ ಫಲಿತಾಂಶ ಎರಡೂ ಪಕ್ಷಗಳಿಗೆ ನಿರಾಸೆ ತಂದಿತು. ಸಣ್ಣ ವ್ಯಾಪಾರಗಳಲ್ಲಿ ಹೂಡಿಕೆ ಹೆಚ್ಚಿತ್ತು. ಒಟ್ಟು ಬಳಕೆ ವೆಚ್ಚ, ಮಕ್ಕಳ ಶಿಕ್ಷಣ, ಮಹಿಳೆಯರ ಅಧಿಕಾರ ಇವುಗಳಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಅದೇ ವರ್ಷ ಬಾಸ್ನಿಯ, ಇಥಿಯೋಪಿಯ, ಮೆಕ್ಸಿಕೊ, ಮಂಗೋಲಿಯ, ಮೊರಾಕ್ಕೊ ದೇಶಗಳಿಂದ ಬಂದ ಅಧ್ಯಯನಗಳ ಸಾರವೂ ಹೆಚ್ಚುಕಡಮೆ ಇದೇ.

ಹಾಗಾದರೆ ದಿನಚರಿಯ ಪುಸ್ತಕ ಸುಳ್ಳೆ? ಅಲ್ಲ. ಪ್ರಯೋಗಗಳು ಮುಖ್ಯವಾಗಿ ಅಳೆದದ್ದು ಗುಂಪುಗಳ ಸರಾಸರಿಯನ್ನು. ಸಾಲವು ವರ್ಷದ ಸರಾಸರಿ ಬಳಕೆಯನ್ನು ಏರಿಸದೆಯೂ ಒಂದು ಕೆಟ್ಟ ತಿಂಗಳನ್ನು ದಾಟಿಸಬಹುದು. ಅಥವಾ ಕಂತಿನ ಒತ್ತಡದಿಂದ ಒಂದು ಸಾಧಾರಣ ತಿಂಗಳನ್ನು ಕೆಟ್ಟದಾಗಿಸಬಹುದು. ಯಾವುದು ನಿಜ ಎಂದು ತಿಳಿಯಲು ಎರಡು ವಿಧಾನಗಳೂ ಕೈಜೋಡಿಸಬೇಕು. ದಿನಚರಿ ಊಹೆಯನ್ನು ಒದಗಿಸಬೇಕು, ಪ್ರಯೋಗ ಅದನ್ನು ಪರೀಕ್ಷಿಸಬೇಕು. ಕೋಲ್ಕತ್ತದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ವಾರದ ಕಂತಿನ ಬದಲು ತಿಂಗಳ ಕಂತು ಪಡೆದವರಲ್ಲಿ ಆತಂಕ ಬಹಳ ಕಡಿಮೆಯಿತ್ತು. 2013ರ ಇನ್ನೊಂದರಲ್ಲಿ, ಮೊದಲ ಕಂತಿಗೆ ಎರಡು ತಿಂಗಳ ಬಿಡುವು ಕೊಟ್ಟಾಗ ವ್ಯಾಪಾರದ ಹೂಡಿಕೆ, ಲಾಭ ಹೆಚ್ಚಿದವು. ಸಾಲ ಮರುಪಾವತಿ ತಪ್ಪುವುದೂ ಹೆಚ್ಚಿತು. ಸಡಿಲಿಕೆಗೆ ಒಂದು ಬೆಲೆಯಿದೆ ಎಂಬ ಈ ಎರಡನೆಯ ಅರ್ಧವನ್ನು ದಿನಚರಿಯೊಂದೇ ತೋರಿಸಲಾರದು.

ನೀತಿಯಲ್ಲಿ ಸರಾಸರಿಯ ಆಳ್ವಿಕೆ

ಈ ಚರ್ಚೆ ಪಂಡಿತರದು ಮಾತ್ರವಲ್ಲ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ವಾರ್ಷಿಕ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ಮಾಸಿಕ ಆದಾಯದ ಶೇ. 50 ಮೀರಬಾರದು. ಉದ್ದೇಶ ಒಳ್ಳೆಯದು. ಆದರೆ ಮಾಸಿಕ ಆದಾಯವೆಂದರೆ ಯಾವ ತಿಂಗಳದು?

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಎರಡು ಕುಟುಂಬಗಳು, ಎರಡರ ವಾರ್ಷಿಕ ಆದಾಯವೂ 96,000 ರೂಪಾಯಿ. ಮೊದಲನೆಯದಕ್ಕೆ ತಿಂಗಳಿಗೆ 8,000ದಂತೆ ಸಂಬಳ. ಎರಡನೆಯದು ಕೂಲಿಯ ಕುಟುಂಬ. ಮೂರು ತಿಂಗಳು 14,000, ನಾಲ್ಕು ತಿಂಗಳು 9,000, ನಾಲ್ಕು ತಿಂಗಳು 4,000, ಒಂದು ತಿಂಗಳು 2,000. ಎರಡರ ಸರಾಸರಿಯೂ 8,000. ಮಾನಕ ವಿಚಲನೆ ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ಸುಮಾರು 4,200. ನಿಯಮದ ಪ್ರಕಾರ ಎರಡಕ್ಕೂ 4,000 ರೂಪಾಯಿ ಕಂತು ಸಲ್ಲುತ್ತದೆ. ಎರಡನೆಯ ಕುಟುಂಬ ನಾಲ್ಕು ತಿಂಗಳು ಗಳಿಸಿದ್ದಷ್ಟನ್ನೂ ಕಂತಿಗೇ ಕೊಡಬೇಕು; ಒಂದು ತಿಂಗಳು ಗಳಿಕೆಯ ಎರಡರಷ್ಟು ಕೊಡಬೇಕು. ವರ್ಷದ ಐದು ತಿಂಗಳು ಅದು ಕಂತು ಕಟ್ಟಲು ಮತ್ತೊಂದು ಸಾಲ ಹುಡುಕುತ್ತದೆ, ಇಲ್ಲವೆ ಒಲೆ ಹಚ್ಚುವುದನ್ನು ಕಡಿಮೆ ಮಾಡುತ್ತದೆ. ಕಾಗದದ ಮೇಲೆ ನಿಯಮ ಎಲ್ಲಿಯೂ ಮುರಿದಿಲ್ಲ!

ನ್ಯಾಯವಾಗಿ ಹೇಳಬೇಕೆಂದರೆ, ಕನಿಷ್ಠ ಒಂದು ವರ್ಷದ ಆದಾಯವನ್ನು ನೋಡಿ ಸ್ಥಿರತೆಯನ್ನು ಅಂದಾಜಿಸಬೇಕು, ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿಯಲ್ಲಿ ಸಡಿಲಿಕೆ ಇರಬೇಕು ಎಂದೂ ಆ ನಿರ್ದೇಶನ ಹೇಳಿತ್ತು. ಆದರೆ ಮಿತಿಯ ಸೂತ್ರದಲ್ಲಿ ವಿಚಲನೆಗೆ ಸ್ಥಾನವಿಲ್ಲ. ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳು ಎಂಬ ವ್ಯಾಖ್ಯೆಯಲ್ಲಿ ಅತ್ತೆಯ ಔಷಧಿ, ತಮ್ಮನಿಂದ ತಂದ ಕೈಸಾಲ ಬರುವುದಿಲ್ಲ. ಬ್ಯಾಂಕು, ಕಂಪನಿಗಳ ಸಾಲ ದಾಖಲೆಯಲ್ಲಿ ಸಿಗುತ್ತದೆ. ಬೀದಿಯ ಸಾಲ ಸಿಗುವುದಿಲ್ಲ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2009ರಲ್ಲಿ ಕೋಲಾರ ಮತ್ತಿತರ ರೇಷ್ಮೆ ಕೇಂದ್ರಗಳಲ್ಲಿ ಕಿರುಸಾಲದ ಮರುಪಾವತಿ ನಿಂತು ಬಿಕ್ಕಟ್ಟು ಉಂಟಾಗಿತ್ತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ಸಾಲ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ವಸೂಲಿಗಾರನನ್ನು ತಡೆಯುವುದು ಅಗತ್ಯವೇ. ಆದರೆ ಆತ ಬಾಗಿಲಿಗೆ ಬರುವ ಮೊದಲೇ, ಕಂತಿನ ಲೆಕ್ಕ ಹಾಕಿದ ದಿನವೇ ತಪ್ಪು ನಡೆದಿರುತ್ತದೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಮೇಲಿನ ಎರಡನೆಯ ಕುಟುಂಬಕ್ಕೆ ಅದು ಅತಿ ಕೆಟ್ಟ ತಿಂಗಳಿನ ಆದಾಯವನ್ನು ದ್ವಿಗುಣಗೊಳಿಸುತ್ತದೆ. ಆ ಹಣ ತಿಂಗಳು ತಪ್ಪಿ, ಎರಡು ಮೂರು ಕಂತು ಒಟ್ಟಿಗೆ ಬಂದರೆ ವಾರ್ಷಿಕ ಮೊತ್ತ ಅಷ್ಟೇ ಇರುತ್ತದೆ. ಭದ್ರತೆ ಅಷ್ಟೇ ಇರುವುದಿಲ್ಲ. ಯೋಜನೆಯ ಮೌಲ್ಯಮಾಪನ ಮಾಡುವವರು ಒಟ್ಟು ಎಷ್ಟು ಕೊಡಲಾಯಿತು ಎಂಬುದರ ಜೊತೆಗೆ ಯಾವ ದಿನ ಸಿಕ್ಕಿತು ಎಂಬುದನ್ನೂ ಬರೆದುಕೊಳ್ಳಬೇಕು.

ಕೊನೆಯ ಮಾತು

ಏರಿಳಿತದ ಸಮಸ್ಯೆ ಬಡ ದೇಶಗಳದ್ದು ಮಾತ್ರವಲ್ಲ ಎಂಬುದು ಮುಂದೆ ತಿಳಿದುಬಂತು. ಮೊರ್ಡಕ್ ಮತ್ತು ರೇಚಲ್ ಶ್ನೈಡರ್ ಅಮೆರಿಕದ 235 ಕುಟುಂಬಗಳ ದಿನಚರಿಯನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ ಪುಸ್ತಕದ ಪ್ರಕಾರ, ಆ ಕುಟುಂಬಗಳ ಆದಾಯ ವರ್ಷದಲ್ಲಿ ಸರಾಸರಿ ಐದು ತಿಂಗಳು ತಮ್ಮ ಸರಾಸರಿಗಿಂತ ಶೇ. 25ಕ್ಕೂ ಹೆಚ್ಚು ಮೇಲೆ ಅಥವಾ ಕೆಳಗೆ ಇತ್ತು. ಮೊದಲ ಪುಸ್ತಕದ ವಿಧಾನ ಗಟ್ಟಿಯಾದುದು ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಒಟ್ಟಿನಲ್ಲಿ, ‘ಪೋರ್ಟ್‌ಫೋಲಿಯೋಸ್ ಆಫ್ ದ ಪೂರ್’ ಅಳತೆಯ ಪುಸ್ತಕವಾಗಿ ಅತ್ಯುತ್ತಮ. ಪರಿಹಾರದ ಪುಸ್ತಕವಾಗಿ ಅಪೂರ್ಣ. ಬಡವರಿಗೆ ಲೆಕ್ಕ ಬಾರದು, ಉಳಿತಾಯ ಗೊತ್ತಿಲ್ಲ ಎಂಬ ಹಳೆಯ ತಪ್ಪು ಅಭಿಪ್ರಾಯವನ್ನು ಅದು ಅಂಕಿಗಳಿಂದಲೇ ಕಿತ್ತುಹಾಕಿದೆ. ಅದರ ಬೆನ್ನಲ್ಲೇ ಬರಬಹುದಾದ ಇನ್ನೊಂದು ತಪ್ಪಿನ ಬಗ್ಗೆ ಓದುಗರು ಎಚ್ಚರದಿಂದಿರಬೇಕು. ಇಷ್ಟೊಂದು ಜಾಣತನದಿಂದ ಸಂಸಾರ ತೂಗಿಸುವವರಿಗೆ ಸಾಲವೊಂದು ಸಿಕ್ಕರೆ ಸಾಕು ಎಂಬುದು ಆ ತಪ್ಪು.

ಸಂಖ್ಯಾಶಾಸ್ತ್ರ ಕಲಿಸುವ ಅಧ್ಯಾಪಕರಿಗೆ ಇಲ್ಲಿ ಒಳ್ಳೆಯ ಪಾಠವಿದೆ. ಸರಾಸರಿ ಮತ್ತು ಮಾನಕ ವಿಚಲನೆಯನ್ನು ಪರೀಕ್ಷೆಯ ಅಂಕಗಳ ಪಟ್ಟಿಯಿಂದ ಕಲಿಸುವ ಬದಲು ಮೇಲಿನ ಎರಡು ಕುಟುಂಬಗಳ ಹನ್ನೆರಡು ಅಂಕಿಗಳನ್ನು ಕೊಟ್ಟು, ಯಾರಿಗೆ ಎಷ್ಟು ಕಂತು ಹಾಕಬಹುದು ಎಂದು ಕೇಳಿ. ಆದರೆ ವಿದ್ಯಾರ್ಥಿಗಳ ಸ್ವಂತ ಮನೆಯ ಲೆಕ್ಕ ಕೇಳುವುದು ಬೇಡ. ಮನೆಯ ಸಾಲ ತರಗತಿಯ ಕರಿಹಲಗೆಗೆ ಬರಬೇಕಾದ ವಿಷಯವಲ್ಲ. ಕಲ್ಪಿತ ಅಂಕಿಗಳೇ ಸಾಕು. ಕಂತಿನ ಮಿತಿಯನ್ನು ಸರಾಸರಿಯ ಮೇಲೆ ಕಟ್ಟಬೇಕೋ, ಕನಿಷ್ಠ ತಿಂಗಳ ಮೇಲೆ ಕಟ್ಟಬೇಕೋ ಎಂಬ ಚರ್ಚೆ ತರಗತಿಯಲ್ಲಿ ತಾನಾಗಿಯೇ ಹುಟ್ಟಿಕೊಳ್ಳುತ್ತದೆ.